ಜ್ವರ ಬಂದ ರಾತ್ರಿ ಏನು ಮಾಡಬೇಕು, ಮೊದಲು ಅದನ್ನು ಕಲಿಯಿರಿ

ಪ್ರಶ್ನೆ: ನಮ್ಮ ಐದು ವರ್ಷದ ಮಗಳಿಗೆ ರಕ್ತದ ಕ್ಯಾನ್ಸರ್ ಎಂದು ತಿಳಿದು ಹದಿನೆಂಟು ದಿನವಾಯಿತು. ಚೀಟಿಯಲ್ಲಿ ಎಎಲ್‌ಎಲ್ ಎಂದು ಬರೆದಿದ್ದಾರೆ. ಬೆಂಗಳೂರಿನ ಆಸ್ಪತ್ರೆಯಲ್ಲಿದ್ದೇವೆ, ಮುಂದಿನ ವಾರ ಊರಿಗೆ ಕಳುಹಿಸುತ್ತಾರಂತೆ. ನಮ್ಮದು ಹಿರಿಯೂರಿನ ಹತ್ತಿರದ ಹಳ್ಳಿ. ಡಾಕ್ಟರು ಒಂದು ಗಂಟೆ ಕೂತು ಎಲ್ಲವನ್ನೂ ವಿವರಿಸಿದರು. ಹೊರಗೆ ಬಂದಾಗ ‘ಕ್ಯಾನ್ಸರ್’ ಎಂಬ ಒಂದು ಮಾತು ಬಿಟ್ಟರೆ ಬೇರೇನೂ ನನಗೆ ನೆನಪಿರಲಿಲ್ಲ. ನಾನು ಪಿಯುಸಿವರೆಗೆ ಓದಿದವಳು. ಇದನ್ನೆಲ್ಲ ಕಲಿತು ಮಗುವನ್ನು ಮನೆಯಲ್ಲಿ ನೋಡಿಕೊಳ್ಳುವುದು ನನ್ನಿಂದ ಆಗುತ್ತದೆಯೇ? ನಮ್ಮದು ಕೂಡು ಕುಟುಂಬ. ಎಂಟು ವರ್ಷದ ಮಗನಿದ್ದಾನೆ, ಮೈದುನನ ಒಂದೂವರೆ ವರ್ಷದ ಕೂಸಿದೆ. ಮಗನನ್ನು ತವರಿಗೆ ಕಳುಹಿಸಬೇಕೇ? ಅತ್ತೆ ಅಮೃತಬಳ್ಳಿಯ ಕಷಾಯ ಕೊಡಬೇಕು ಎನ್ನುತ್ತಿದ್ದಾರೆ. ಮಗಳು ದಿನವೂ ಕೊಟ್ಟಿಗೆಯ ಕರುವನ್ನು ಕೇಳುತ್ತಾಳೆ. ಅವಳಿಗೆ ಏನೆಂದು ಹೇಳಲಿ?

ಉತ್ತರ: ಆಗುತ್ತದೆ. ಇದನ್ನು ಬರೀ ಸಮಾಧಾನಕ್ಕೆ ಹೇಳುತ್ತಿಲ್ಲ. ಮಕ್ಕಳ ಕ್ಯಾನ್ಸರ್ ವಾರ್ಡಿನಲ್ಲಿ ಇಪ್ಪತ್ತೆರಡು ವರ್ಷ ಶುಶ್ರೂಷಕಿಯಾಗಿ ದುಡಿದಿದ್ದೇನೆ; ಈಗ ಹೊಸದಾಗಿ ಬಂದ ಹೆತ್ತವರಿಗೆ ಹೇಳಿಕೊಡುವುದೇ ನನ್ನ ಕೆಲಸ. ಸಹಿ ಹಾಕಲು ಬಾರದ ಅಜ್ಜಿಯೊಬ್ಬರು ಎರಡು ವರ್ಷ ಮೊಮ್ಮಗನ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ಕೊಟ್ಟಿದ್ದನ್ನು ಕಂಡಿದ್ದೇನೆ. ದೊಡ್ಡ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದ ತಂದೆಯೊಬ್ಬರು ಮೊದಲ ವಾರ ಥರ್ಮಾಮೀಟರಿನ ಅಂಕಿ ಓದಲಾರದೆ ಕೈ ನಡುಗುತ್ತ ನಿಂತಿದ್ದನ್ನೂ ಕಂಡಿದ್ದೇನೆ. ಓದಿಗೂ ಇದಕ್ಕೂ ಅಷ್ಟು ಸಂಬಂಧವಿಲ್ಲ.

ಡಾಕ್ಟರ ಮಾತು ನೆನಪಿಲ್ಲ ಎಂದು ನೊಂದುಕೊಳ್ಳಬೇಡಿ. ಮಗುವಿಗೆ ಕ್ಯಾನ್ಸರ್ ಎಂದು ಕೇಳಿದ ಕ್ಷಣ ಯಾರ ಕಿವಿಯೂ ಮುಚ್ಚಿಹೋಗುತ್ತದೆ. ಅಮೆರಿಕದಲ್ಲಿ ಮಕ್ಕಳ ಕ್ಯಾನ್ಸರ್ ಸಂಶೋಧನೆ ನಡೆಸುವ ಚಿಲ್ಡ್ರನ್ಸ್ ಆಂಕಾಲಜಿ ಗ್ರೂಪ್ ಎಂಬ ಒಕ್ಕೂಟದ ತಜ್ಞರು ಹೊಸ ರೋಗಿಗಳ ಕುಟುಂಬಕ್ಕೆ ಹೇಗೆ ಕಲಿಸಬೇಕೆಂದು ಕೂತು ಚರ್ಚಿಸಿ, 2016ರಲ್ಲಿ ತಮ್ಮ ಒಮ್ಮತದ ಅಭಿಪ್ರಾಯ ಪ್ರಕಟಿಸಿದರು. ರೋಗದ ಸುದ್ದಿ ಹೆತ್ತವರನ್ನು ಕಂಗೆಡಿಸುತ್ತದೆ, ಅದು ಅರಗಲು ಹೊತ್ತು ಬೇಕು, ಆಮೇಲಷ್ಟೇ ಕಲಿಕೆ. ಎಲ್ಲವನ್ನೂ ಒಂದೇ ಸಲ ಸುರಿಯಬಾರದು, ಚಿಕಿತ್ಸೆಯ ಉದ್ದಕ್ಕೂ ಹಂತಹಂತವಾಗಿ ಹೇಳಬೇಕು ಎಂದು ಅದರಲ್ಲಿದೆ. ನಮ್ಮ ವಾರ್ಡುಗಳಲ್ಲಿ ಜನಜಂಗುಳಿಯ ನಡುವೆ ಇದು ಎಷ್ಟೋ ಸಲ ಸಾಧ್ಯವಾಗುವುದಿಲ್ಲ. ಆದ್ದರಿಂದ ನೀವೇ ಕೇಳಿ ಪಡೆಯಬೇಕು. ‘ಇನ್ನೊಂದು ಸಲ ಹೇಳಿ’ ಎನ್ನಲು ಸಂಕೋಚ ಬೇಡ. ಮುಂದಿನ ಸಲ ಡಾಕ್ಟರನ್ನು ಕಾಣುವಾಗ ಯಜಮಾನರನ್ನೋ ಮೈದುನನನ್ನೋ ಜೊತೆಗೆ ಕೂರಿಸಿಕೊಳ್ಳಿ, ಅನುಮತಿ ಕೇಳಿ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ನಿಮಗೇ ಜ್ವರ ಬಂದು ಮಲಗಿದ ದಿನ ಮಗುವಿನ ಮಾತ್ರೆ ಯಾವುದೆಂದು ಮನೆಯಲ್ಲಿ ಇನ್ನೊಬ್ಬರಿಗಾದರೂ ಗೊತ್ತಿರಬೇಕು.

ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ಹದಿನೈದು ವರ್ಷದ ಹಿಂದೆ ಒಬ್ಬ ತಂದೆಗೆ, ‘ಜ್ವರ ಬಂದರೆ ತಕ್ಷಣ ಕರೆತನ್ನಿ’ ಎಂದು ಹೇಳಿ ಕಳುಹಿಸಿದ್ದೆ. ಅವರು ತಲೆಯಾಡಿಸಿದ್ದರು. ಹತ್ತನೆಯ ದಿನ ರಾತ್ರಿ ಒಂಬತ್ತರ ಹೊತ್ತಿಗೆ ಮಗುವಿನ ಮೈ ಬಿಸಿಯಾಯಿತು. ಮನೆಯಲ್ಲಿದ್ದ ಪ್ಯಾರಾಸಿಟಮಾಲ್ ಕೊಟ್ಟರು; ಜ್ವರ ಇಳಿಯಿತು, ಮಗು ನಿದ್ದೆ ಹೋಯಿತು. ಅವರ ಊರಿನಿಂದ ಮೊದಲ ಬಸ್ಸು ಬೆಳಗಿನ ಆರಕ್ಕೆ. ‘ತಕ್ಷಣ’ ಎಂದರೆ ಅವರ ಪಾಲಿಗೆ ಆ ಆರು ಗಂಟೆಯ ಬಸ್ಸೇ ಆಗಿತ್ತು. ವಾರ್ಡಿಗೆ ಬಂದಾಗ ಮಗುವಿನ ಕೈಕಾಲು ತಣ್ಣಗಾಗಿದ್ದವು, ರಕ್ತದೊತ್ತಡ ಕುಸಿದಿತ್ತು. ಹನ್ನೊಂದು ದಿನ ಐಸಿಯುನಲ್ಲಿದ್ದು ಬದುಕಿಕೊಂಡಿತು. ಆ ತಂದೆಯದು ಏನೂ ತಪ್ಪಿರಲಿಲ್ಲ. ನಾನು ಹೇಳಿ ಮುಗಿಸಿದ್ದೆ. ಅವರಿಗೆ ಅದು ಹೇಗೆ ಅರ್ಥವಾಯಿತೆಂದು ಕೇಳಿರಲಿಲ್ಲ, ರಾತ್ರಿ ಹೊತ್ತು ವಾಹನ ಯಾರದು ಸಿಗುತ್ತದೆ ಎಂದೂ ಕೇಳಿರಲಿಲ್ಲ. ಅಂದಿನಿಂದ ಯಾವ ಹೆತ್ತವರನ್ನೂ ಅವರ ಬಾಯಿಂದಲೇ ಪೂರ್ತಿ ಹೇಳಿಸಿ ಕೇಳದೆ ಮನೆಗೆ ಬಿಟ್ಟಿಲ್ಲ.

ಆದ್ದರಿಂದ ಈ ವಾರ ನೀವು ಬೇರೇನನ್ನು ಮರೆತರೂ ಚಿಂತೆಯಿಲ್ಲ, ಜ್ವರದ ವಿಷಯವನ್ನು ಮಾತ್ರ ಗಟ್ಟಿ ಮಾಡಿಕೊಳ್ಳಿ. ಕೀಮೋ ಔಷಧಿ ಕೆಟ್ಟ ಕಣಗಳ ಜೊತೆಗೆ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳನ್ನೂ ಅಳಿಸುತ್ತದೆ. ವಾರ್ಡಿನಲ್ಲಿ ‘ಕೌಂಟ್ ಬಿದ್ದಿದೆ’ ಎನ್ನುವುದು ಇದನ್ನೇ. ಸಾಮಾನ್ಯವಾಗಿ ಕೀಮೋ ಕೊಟ್ಟ ಏಳರಿಂದ ಹದಿನಾಲ್ಕನೆಯ ದಿನದೊಳಗೆ ಇದು ತೀರ ತಳಕ್ಕಿಳಿಯುತ್ತದೆ. ವರದಿಯಲ್ಲಿ ಎಎನ್‌ಸಿ ಎಂಬ ಸಾಲು ನೋಡಿ, ಸೋಂಕಿನ ವಿರುದ್ಧ ಹೋರಾಡುವ ಆ ಬಿಳಿ ಕಣಗಳ ಲೆಕ್ಕ ಅದು. ಅದು 500ಕ್ಕಿಂತ ಕಡಿಮೆ ಇದ್ದರೆ ಮಗುವಿಗೆ ಕಾವಲುಗಾರರೇ ಇಲ್ಲವೆಂದು ತಿಳಿಯಿರಿ. ಆಗ ಬರುವ ಜ್ವರ ಮಾಮೂಲಿ ಜ್ವರವಲ್ಲ. ರಕ್ತಕ್ಕೆ ಸೋಂಕು ಹಬ್ಬಿದ್ದರೆ ಕೆಲವೇ ಗಂಟೆಗಳಲ್ಲಿ ಮಗು ಕೈತಪ್ಪಬಹುದು. ಹೊತ್ತಿಗೆ ಸರಿಯಾಗಿ ಆಂಟಿಬಯೋಟಿಕ್ ರಕ್ತನಾಳಕ್ಕೆ ಹೋದರೆ ಬಹುತೇಕ ಮಕ್ಕಳು ಚೇತರಿಸಿಕೊಳ್ಳುತ್ತಾರೆ. ಆಸ್ಪತ್ರೆ ತಲುಪಿದ ಒಂದು ಗಂಟೆಯೊಳಗೆ ಮೊದಲ ಡೋಸ್ ಹೋಗಬೇಕು ಎಂಬುದು ಎಲ್ಲೆಡೆ ಒಪ್ಪಿತವಾದ ಗುರಿ.

ಹಣೆ ಮುಟ್ಟಿ ನೋಡುವುದು ಸಾಲದು. ಒಂದು ಡಿಜಿಟಲ್ ಥರ್ಮಾಮೀಟರ್ ಕೊಂಡುಕೊಳ್ಳಿ, ಮನೆಗೆ ಹೊರಡುವ ಮೊದಲು ನರ್ಸಿನ ಎದುರಿಗೇ ಬಳಸಿ ತೋರಿಸಿ. ಕಂಕುಳಿನ ಬೆವರನ್ನು ಒಣ ಬಟ್ಟೆಯಿಂದ ಒರೆಸಿ, ತುದಿ ಗುಳಿಯ ನಡುವೆ ಚರ್ಮಕ್ಕೆ ತಾಗುವಂತೆ ಇಟ್ಟು, ತೋಳನ್ನು ಎದೆಗೆ ಒತ್ತಿ ಹಿಡಿಯಿರಿ. ಬೀಪ್ ಸದ್ದು ಬರುವವರೆಗೆ ತೆಗೆಯಬೇಡಿ. ಎಷ್ಟೋ ತಾಯಂದಿರು ಅಂಗಿಯ ಮೇಲಿಂದಲೇ ಸಿಕ್ಕಿಸಿ, ಮಗು ಅಳುತ್ತಿದೆಯೆಂದು ನಡುವೆ ತೆಗೆದು, 97 ಇದೆ ಎಂದುಕೊಂಡು ಸುಮ್ಮನಾಗುತ್ತಾರೆ. 101 ಡಿಗ್ರಿ ಒಮ್ಮೆ ಬಂದರೂ ಸರಿ, 100.4 ಬಂದು ಒಂದು ಗಂಟೆ ಹಾಗೇ ನಿಂತರೂ ಸರಿ, ಹೊರಡಬೇಕು. ಹಲವು ಆಸ್ಪತ್ರೆಗಳು 100.4 ಕಂಡ ಕೂಡಲೇ ಹೊರಡಿ ಎನ್ನುತ್ತವೆ; ನಿಮ್ಮವರು ಹೇಳಿದ ಅಂಕಿಯನ್ನೇ ಹಿಡಿಯಿರಿ. ಗುದದ್ವಾರದಲ್ಲಿ ಥರ್ಮಾಮೀಟರ್ ಇಡಬಾರದು, ಅಲ್ಲಿ ಗೀರು ಬಿದ್ದರೂ ಸೋಂಕಿಗೆ ದಾರಿ. ಪ್ಯಾರಾಸಿಟಮಾಲನ್ನು ಆಸ್ಪತ್ರೆಗೆ ಫೋನ್ ಮಾಡದೆ ಕೊಡಬೇಡಿ, ಅದು ಅಂಕಿಯನ್ನು ಇಳಿಸುತ್ತದೆ, ಸೋಂಕನ್ನು ಮುಟ್ಟುವುದಿಲ್ಲ. ಐಬುಪ್ರೊಫೆನ್, ಆಸ್ಪಿರಿನ್ ಬೇಡವೇ ಬೇಡ, ರಕ್ತಸ್ರಾವ ಹೆಚ್ಚುತ್ತದೆ. ಇನ್ನೊಂದು ಮಾತು, ಇದನ್ನು ಬಹಳ ಜನ ಹೇಳುವುದಿಲ್ಲ: ನಿಮ್ಮ ಮಗಳಿಗೆ ಈಗ ಸ್ಟೆರಾಯ್ಡ್ ನಡೆಯುತ್ತಿರುತ್ತದೆ, ಅದು ಜ್ವರವನ್ನು ಮುಚ್ಚಿಡಬಲ್ಲದು. ಅಂಕಿ ಸರಿಯಿದ್ದರೂ ಮಗು ಗಡಗಡ ನಡುಗುತ್ತಿದ್ದರೆ, ಮಂಕಾಗಿ ಎಬ್ಬಿಸಿದರೂ ಏಳದಿದ್ದರೆ, ಕೈಕಾಲು ತಣ್ಣಗಿದ್ದರೆ ಹೊರಡಿ.

ಎಲ್ಲಿಗೆ ಹೊರಡಬೇಕು? ಹಿರಿಯೂರಿನಿಂದ ಬೆಂಗಳೂರಿಗೆ ಸುಮಾರು 160 ಕಿಲೋಮೀಟರ್. ರಾತ್ರಿ ವಾಹನ ಹಿಡಿದು ಬರುವಷ್ಟರಲ್ಲಿ ಮೂರು ಗಂಟೆಯ ಮೇಲಾಗುತ್ತದೆ. ಮೊದಲ ಡೋಸ್ ಹತ್ತಿರದಲ್ಲೇ ಬೀಳಬೇಕು: ಹಿರಿಯೂರಿನ ತಾಲ್ಲೂಕು ಆಸ್ಪತ್ರೆ, ಇಲ್ಲವೇ ಚಿತ್ರದುರ್ಗದ ಜಿಲ್ಲಾಸ್ಪತ್ರೆ. ಅಲ್ಲಿನ ರಾತ್ರಿಪಾಳಿಯ ವೈದ್ಯರಿಗೆ ನಿಮ್ಮ ಮಗುವಿನ ಕಥೆ ಗೊತ್ತಿರುವುದಿಲ್ಲ. ಆದ್ದರಿಂದ ಬಿಡುಗಡೆಯ ದಿನ ನಿಮ್ಮ ಡಾಕ್ಟರಿಂದ ಒಂದು ಪತ್ರ ಬರೆಸಿಕೊಳ್ಳಿ. ಈ ಮಗು ಕೀಮೋ ಪಡೆಯುತ್ತಿದೆ, ಜ್ವರವನ್ನು ತುರ್ತು ಎಂದು ಪರಿಗಣಿಸಿ, ಇಂಥ ಆಂಟಿಬಯೋಟಿಕನ್ನು ಇಷ್ಟು ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಡಿ, ಮಾಂಸಖಂಡಕ್ಕೆ ಚುಚ್ಚಬೇಡಿ, ಈ ನಂಬರಿಗೆ ಫೋನ್ ಮಾಡಿ ಎಂದು ಅದರಲ್ಲಿರಲಿ. ಸಹಿ, ಮೊಹರು ಬೇಕು. ನಾಲ್ಕು ಪ್ರತಿ ಮಾಡಿಸಿ, ಮೊಬೈಲಿನಲ್ಲಿ ಫೋಟೊ ಇಟ್ಟುಕೊಳ್ಳಿ. ಊರಿಗೆ ಹೋದ ಮರುದಿನವೇ ಒಂದು ಪ್ರತಿ ಹಿಡಿದು ತಾಲ್ಲೂಕು ಆಸ್ಪತ್ರೆಗೆ ಹೋಗಿ, ಅಲ್ಲಿನ ವೈದ್ಯರಿಗೆ ಮಗುವಿನ ಮುಖ ತೋರಿಸಿ ಬನ್ನಿ. ಹಳ್ಳಿಯಲ್ಲಿ ಕಾರಿರುವ ಇಬ್ಬರಿಗೆ ಈಗಲೇ ಹೇಳಿಡಿ. ಒಬ್ಬರು ಊರಲ್ಲಿಲ್ಲದಿದ್ದರೆ ಇನ್ನೊಬ್ಬರು. ಅವರೂ ಸಿಗದಿದ್ದರೆ 108.

ಇಷ್ಟು ಗಟ್ಟಿಯಾದರೆ ಉಳಿದದ್ದಕ್ಕೆ ಸಮಯವಿದೆ.

ನೀವು ಕೇಳದಿದ್ದರೂ ನಿಮ್ಮ ಪತ್ರದ ಹಿಂದೆ ಒಂದು ಪ್ರಶ್ನೆ ಇದ್ದಂತಿದೆ, ಎಲ್ಲ ತಾಯಂದಿರೂ ಕೇಳುವಂಥದ್ದು: ನಾನೇನು ತಪ್ಪು ಮಾಡಿದೆ? ಏನೂ ಮಾಡಿಲ್ಲ. ಬಸುರಿನಲ್ಲಿ ತಿಂದದ್ದರಿಂದ, ಬಿದ್ದು ಪೆಟ್ಟಾದದ್ದರಿಂದ, ಗ್ರಹಣದಲ್ಲಿ ಹೊರಗೆ ಬಂದದ್ದರಿಂದ ಇದು ಬರುವುದಿಲ್ಲ. ಮಕ್ಕಳಲ್ಲಿ ಕಾಣುವ ಕ್ಯಾನ್ಸರುಗಳಲ್ಲಿ ಎಎಲ್‌ಎಲ್ ಎಲ್ಲಕ್ಕಿಂತ ಹೆಚ್ಚು, ಅದರಲ್ಲೂ ಎರಡರಿಂದ ಐದು ವರ್ಷದವರಲ್ಲಿ. ಶ್ರೀಮಂತ ದೇಶಗಳಲ್ಲಿ ಈ ಕಾಯಿಲೆ ಬಂದ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಕ್ಕಳು ಉಳಿಯುತ್ತಾರೆ. ನಮ್ಮಲ್ಲಿ ಅಷ್ಟಿಲ್ಲ. ಕಾರಣಗಳಲ್ಲಿ ದೊಡ್ಡವು ತಡವಾಗಿ ಬರುವುದು, ಸೋಂಕಿಗೆ ಬಲಿಯಾಗುವುದು, ಚಿಕಿತ್ಸೆಯನ್ನು ನಡುವೆ ಬಿಡುವುದು. ಮೊದಲನೆಯದನ್ನು ನೀವು ದಾಟಿದ್ದೀರಿ. ಉಳಿದ ಎರಡರಲ್ಲಿ ಮನೆಯವರ ಕೈ ಬಹಳ ದೊಡ್ಡದು.

ನಡುವೆ ಬಿಡುವುದು ಹೇಗೆ ನಡೆಯುತ್ತದೆಂದು ಹೇಳುತ್ತೇನೆ. ಮೊದಲ ತಿಂಗಳು ಮುಗಿದಾಗ ಮೂಳೆ ಮಜ್ಜೆ ಪರೀಕ್ಷಿಸಿ, ‘ಕಾಯಿಲೆ ಹತೋಟಿಗೆ ಬಂದಿದೆ’ ಎನ್ನುತ್ತಾರೆ. ಮಗು ಆಡುತ್ತಿರುತ್ತದೆ, ಉಣ್ಣುತ್ತಿರುತ್ತದೆ. ವಾಸಿಯಾದ ಮಗುವಿಗೆ ಇನ್ನೂ ಯಾಕೆ ಚುಚ್ಚಿಸುತ್ತೀರಿ ಎಂದು ನೆಂಟರು ಕೇಳುತ್ತಾರೆ. ನೀವು ರಾಗಿ ಹೊಲ ಕಂಡವರು. ಮೊದಲ ಸಲ ಕಳೆ ತೆಗೆದಾಗ ಹೊಲ ಚೊಕ್ಕಟವಾಗಿ ಕಾಣುತ್ತದೆ, ಬೇರು ಮಣ್ಣಿನೊಳಗೆ ಇರುತ್ತದೆ. ಕಾಯಿಲೆ ಪತ್ತೆಯಾಗುವ ಹೊತ್ತಿಗೆ ಮಗುವಿನ ಮೈಯಲ್ಲಿ ಸುಮಾರು ಒಂದು ಲಕ್ಷ ಕೋಟಿ ಕೆಟ್ಟ ಕಣಗಳಿರುತ್ತವೆ. ಸೂಕ್ಷ್ಮದರ್ಶಕದಲ್ಲಿ ಹತೋಟಿಗೆ ಬಂದಂತೆ ಕಂಡಾಗಲೂ ಸಾವಿರ ಕೋಟಿಯವರೆಗೆ ಉಳಿದಿರಬಹುದು. ಅವನ್ನು ಅಳಿಸಲೆಂದೇ ಉಳಿದ ಚಿಕಿತ್ಸೆ, ಒಟ್ಟು ಎರಡರಿಂದ ಎರಡೂವರೆ ವರ್ಷ. ಇದನ್ನು ಯಜಮಾನರಿಗೂ ಅತ್ತೆಗೂ ಈಗಲೇ ಹೇಳಿಡಿ.

ಬೆನ್ನಿಗೆ ಕೊಡುವ ಚುಚ್ಚುಮದ್ದಿನ ಬಗ್ಗೆಯೂ ಊರಲ್ಲಿ ಮಾತು ಬರುತ್ತದೆ, ‘ಬೆನ್ನಿನ ನೀರು ತೆಗೆದರೆ ಮಗು ಕುಂಟಾಗುತ್ತದೆ’ ಎಂದು. ಆಗುವುದಿಲ್ಲ. ಸೂಜಿ ಹೋಗುವುದು ಬೆನ್ನುಹುರಿ ಮುಗಿದ ಜಾಗದ ಕೆಳಗೆ. ರಕ್ತದಲ್ಲಿ ಹೋಗುವ ಔಷಧಿ ಮಿದುಳಿನ ಸುತ್ತಲಿನ ದ್ರವಕ್ಕೆ ಸಾಕಷ್ಟು ತಲುಪದ ಕಾರಣ ಅಲ್ಲಿಗೆ ನೇರವಾಗಿ ಕೊಡುತ್ತಾರೆ.

ಮಾತ್ರೆಗಳ ವಿಷಯದಲ್ಲಿ ಒಂದೇ ಒಂದನ್ನು ಒತ್ತಿ ಹೇಳುತ್ತೇನೆ. ಮುಂದಿನ ಹಂತಗಳಲ್ಲಿ ಮೆಥೊಟ್ರೆಕ್ಸೇಟ್ ಎಂಬ ಮಾತ್ರೆ ಬರುತ್ತದೆ. ಅದು ವಾರಕ್ಕೆ ಒಂದೇ ದಿನ. ದಿನವೂ ಕೊಟ್ಟರೆ ವಿಷ. ಪಕ್ಕದಲ್ಲೇ ಮರ್ಕ್ಯಾಪ್ಟೊಪ್ಯೂರಿನ್ ಎಂಬ ಮಾತ್ರೆ, ಅದು ದಿನವೂ. ಎರಡು ಬೇರೆ ಡಬ್ಬಿ ಮಾಡಿ, ಗೋಡೆಯ ಕ್ಯಾಲೆಂಡರಿನಲ್ಲಿ ವಾರದ ಆ ಒಂದು ದಿನಕ್ಕೆ ಕೆಂಪು ಪೆನ್ನಿನಿಂದ ಸುತ್ತು ಹಾಕಿ, ಕೊಟ್ಟ ಮೇಲೆ ಅಡ್ಡಗೀರು ಎಳೆಯಿರಿ. ದಿನದ ಮಾತ್ರೆ ತಪ್ಪಿಸುವುದೂ ಅಷ್ಟೇ ಕೆಟ್ಟದ್ದು. ನೂರರಲ್ಲಿ ಐದಕ್ಕಿಂತ ಹೆಚ್ಚು ದಿನ ತಪ್ಪಿಸಿದ ಮಕ್ಕಳಲ್ಲಿ ಕಾಯಿಲೆ ಮರುಕಳಿಸುವ ಅಪಾಯ ಎರಡೂವರೆ ಪಟ್ಟಿಗೂ ಹೆಚ್ಚು ಎಂದು ಅಮೆರಿಕದ ದೊಡ್ಡ ಅಧ್ಯಯನವೊಂದು ಕಂಡುಕೊಂಡಿದೆ. ಮರೆತ ದಿನದ ಮಾತ್ರೆಯನ್ನು ಮರುದಿನ ಸೇರಿಸಿ ಎರಡು ಕೊಡಬೇಡಿ, ಫೋನ್ ಮಾಡಿ ಕೇಳಿ. ಮನೆಯಲ್ಲಿ ಬಸುರಿಯರಿದ್ದರೆ ಈ ಮಾತ್ರೆಗಳನ್ನು ಬರಿಗೈಯಲ್ಲಿ ಮುಟ್ಟುವುದು ಬೇಡ.

ಊಟದ ಬಗ್ಗೆ ಹೆತ್ತವರು ಅತಿಯಾಗಿ ಹೆದರುತ್ತಾರೆ. ಹಣ್ಣು ಬೇಡ, ಮೊಸರು ಬೇಡ ಎಂದು ಎಲ್ಲವನ್ನೂ ಕತ್ತರಿಸಿ ಮಗುವನ್ನು ಇನ್ನಷ್ಟು ಸೊರಗಿಸುತ್ತಾರೆ. ಅಷ್ಟು ಕಟ್ಟುನಿಟ್ಟಿನ ಪಥ್ಯದಿಂದ ಸೋಂಕು ಕಡಿಮೆಯಾಗುತ್ತದೆಂದು ಅಧ್ಯಯನಗಳಲ್ಲಿ ಸಾಬೀತಾಗಿಲ್ಲ. ಬೇಕಾದದ್ದು ಶುಚಿ: ಕುದಿಸಿ ಆರಿಸಿದ ನೀರು, ಆಗಷ್ಟೇ ಮಾಡಿದ ಬಿಸಿ ಅಡುಗೆ, ಪೂರ್ತಿ ಬೆಂದ ಮೊಟ್ಟೆ. ಬಿಸಿ ಮುದ್ದೆ, ಸೊಪ್ಪಿನ ಸಾರು, ಇಡ್ಲಿ, ಬೇಳೆಗಂಜಿ ಎಲ್ಲವೂ ಚೆನ್ನ. ಬಾಳೆಹಣ್ಣು, ಮೂಸಂಬಿಯನ್ನು ಸಿಪ್ಪೆ ಸಮೇತ ತೊಳೆದು ಆಮೇಲೆ ಸುಲಿಯಿರಿ. ದ್ರಾಕ್ಷಿ, ಹಸಿ ಕೋಸಂಬರಿ, ಅಂಗಡಿಯ ಚಟ್ನಿ, ಪಾನಿಪುರಿ ಬೇಡ. ಮೊಸರಿನ ಬಗ್ಗೆ ಒಂದೊಂದು ಆಸ್ಪತ್ರೆ ಒಂದೊಂದು ಹೇಳುತ್ತದೆ. ಒಂದೇ ವಾರ್ಡಿನಲ್ಲಿ ನರ್ಸ್ ಬೇಡವೆಂದು, ಡಾಕ್ಟರ್ ಸರಿ ಎಂದು ಹೇಳುವುದೂ ಉಂಟು. ಹಾಗಾದಾಗ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ನಿಮ್ಮ ಮುಖ್ಯ ಡಾಕ್ಟರನ್ನೇ ಕೇಳಿ, ಅವರ ಮಾತೇ ಕೊನೆ. ಸ್ಟೆರಾಯ್ಡ್ ನಡೆಯುವಾಗ ಮಗು ನಡುರಾತ್ರಿ ಎದ್ದು ಊಟ ಕೇಳುತ್ತದೆ, ಸಿಟ್ಟಿಗೇಳುತ್ತದೆ, ಮುಖ ಊದಿಕೊಳ್ಳುತ್ತದೆ. ಅದು ಔಷಧಿಯ ಕೆಲಸ, ಹಟವಲ್ಲ, ಬೈಯಬೇಡಿ. ಹಪ್ಪಳ, ಉಪ್ಪಿನಕಾಯಿ ದೂರವಿರಲಿ. ವಿನ್‌ಕ್ರಿಸ್ಟಿನ್ ಎಂಬ ಕೀಮೋ ಔಷಧಿ ಕೊಟ್ಟ ವಾರ ಮಲಬದ್ಧತೆ ಬಂದರೆ ಡಾಕ್ಟರ್ ಕೊಟ್ಟ ಸಿರಪ್ ಮಾತ್ರ, ಎನಿಮಾ ಬೇಡ. ಹೊಟ್ಟೆನೋವು ಜೋರಾಗಿದ್ದರೆ, ಮೂಗಿನ ರಕ್ತ ಹತ್ತು ನಿಮಿಷ ಒತ್ತಿ ಹಿಡಿದರೂ ನಿಲ್ಲದಿದ್ದರೆ ಅದನ್ನೂ ಜ್ವರದಂತೆಯೇ ತುರ್ತೆಂದು ತಿಳಿಯಿರಿ. ದೇವಸ್ಥಾನದ ತೀರ್ಥವನ್ನು ತಲೆಗೆ ಪ್ರೋಕ್ಷಣೆ ಮಾಡಿದರೆ ಸಾಕು, ಕುಡಿಸುವುದು ಬೇಡ.

ಕಷಾಯ ಬೇಡ. ಅಮೃತಬಳ್ಳಿ ಸೇವಿಸಿದವರಲ್ಲಿ ಯಕೃತ್ತಿಗೆ ಹಾನಿಯಾದ ಪ್ರಕರಣಗಳನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ. ನಿಮ್ಮ ಮಗಳ ಕೀಮೋ ಔಷಧಿಗಳನ್ನು ಅರಗಿಸಬೇಕಾದದ್ದೂ ಅದೇ ಯಕೃತ್ತು. ಅದು ಕೆಟ್ಟರೆ ಕೀಮೋವನ್ನೇ ನಿಲ್ಲಿಸಬೇಕಾಗುತ್ತದೆ. ಆದರೆ ಅತ್ತೆಯೊಡನೆ ಜಗಳಕ್ಕೆ ನಿಲ್ಲಬೇಡಿ. ಅವರೂ ಆ ಮಗುವಿಗಾಗಿಯೇ ಒದ್ದಾಡುತ್ತಿದ್ದಾರೆ, ಕೈಯಲ್ಲಿ ಏನೂ ಕೆಲಸವಿಲ್ಲದೆ ಕೂರಲಾರರು. ಒಮ್ಮೆ ಅವರನ್ನು ಡಾಕ್ಟರ ಬಳಿ ಕರೆದುಕೊಂಡು ಹೋಗಿ, ಡಾಕ್ಟರೇ ಹೇಳಲಿ. ಆಮೇಲೆ ಕುಡಿಯುವ ನೀರು ಕುದಿಸಿಡುವುದು, ಮನೆಗೆ ಬಂದವರಿಗೆಲ್ಲ ಸೋಪಿನಿಂದ ಕೈ ತೊಳೆಸುವುದು ಅವರ ಅಧಿಕಾರಕ್ಕೆ ಬಿಡಿ. ನಾನು ಕಂಡ ಮನೆಗಳಲ್ಲಿ ಈ ಕಾವಲನ್ನು ಅಜ್ಜಿಯರಷ್ಟು ಚೆನ್ನಾಗಿ ಯಾರೂ ಮಾಡಿಲ್ಲ.

ಮಗನನ್ನು ತವರಿಗೆ ಕಳುಹಿಸಬೇಡಿ. ಈ ಕಾಯಿಲೆ ಅಂಟುವುದಿಲ್ಲ. ಎಂಟು ವರ್ಷದ ಹುಡುಗನನ್ನು ಈಗ ದೂರ ಮಾಡಿದರೆ, ತಂಗಿಯೊಡನೆ ಜಗಳವಾಡಿದ್ದಕ್ಕೇ ಹೀಗಾಯಿತು ಎಂದು ಒಳಗೊಳಗೇ ನಂಬಿಕೊಳ್ಳುತ್ತಾನೆ. ಹಾಗೇನೂ ಇಲ್ಲ ಎಂದು ಅವನಿಗೆ ಬಾಯಿಬಿಟ್ಟು ಹೇಳಿ. ಅವನಿಗೆ ನೆಗಡಿ, ಕೆಮ್ಮು ಬಂದಾಗ ಬೇರೆ ಕೋಣೆಯಲ್ಲಿ ಮಲಗಲಿ. ಅವನ ಶಾಲೆಯಲ್ಲೋ ಕೇರಿಯಲ್ಲೋ ಯಾರಿಗಾದರೂ ‘ಅಮ್ಮ’ ಬಂದರೆ, ಸೀತಾಳೆ ಸಿಡುಬಾಗಲಿ (ಚಿಕನ್‌ಪಾಕ್ಸ್) ದಡಾರವಾಗಲಿ, ಮಗಳು ಅವರ ಹತ್ತಿರ ಹೋಗಿದ್ದರೆ ಅದೇ ದಿನ ಆಸ್ಪತ್ರೆಗೆ ತಿಳಿಸಿ. ಗುಳ್ಳೆ ಏಳುವವರೆಗೆ ಕಾಯಬೇಡಿ. ರಕ್ಷಣೆಯ ಚುಚ್ಚುಮದ್ದು ಮೊದಲ ನಾಲ್ಕು ದಿನದೊಳಗೆ ಕೊಟ್ಟರೆ ಹೆಚ್ಚು ಫಲ. ಮಗಳಿಗೆ ಚಿಕಿತ್ಸೆ ಮುಗಿಯುವವರೆಗೆ ಪೋಲಿಯೊ ಹನಿಯೂ ಸೇರಿದಂತೆ ಜೀವಂತ ಲಸಿಕೆ ಯಾವುದೂ ಇಲ್ಲ. ಮೈದುನನ ಕೂಸಿಗೂ ಬಾಯಿಗೆ ಹಾಕುವ ಹನಿಯ ಬದಲು ಚುಚ್ಚುವ ಪೋಲಿಯೊ ಲಸಿಕೆ ಕೊಡಿಸುವ ಬಗ್ಗೆ ಡಾಕ್ಟರನ್ನು ಕೇಳಿ, ಪಲ್ಸ್ ಪೋಲಿಯೊ ಭಾನುವಾರ ಮನೆಬಾಗಿಲಿಗೆ ಬಂದ ಆಶಾ ಕಾರ್ಯಕರ್ತೆಗೂ ವಿಷಯ ತಿಳಿಸಿ.

ಖರ್ಚಿನ ಬಗ್ಗೆ ಚಿಕ್ಕದಾಗಿ: ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಇದೆ. ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಎಂಬವರು ಇರುತ್ತಾರೆ, ಈ ವಾರವೇ ಅವರನ್ನು ಕಂಡು ಕಾಗದಪತ್ರ ಸರಿಮಾಡಿಕೊಳ್ಳಿ. ಹಣ ಮುಗಿಯಿತೆಂದು ಒಂದು ಸುತ್ತು ಕೀಮೋ ತಪ್ಪಿಸುವ ಮೊದಲು ನಿಮ್ಮ ವಾರ್ಡಿನ ಸಮಾಜ ಕಾರ್ಯಕರ್ತರಿಗೆ ಹೇಳಿ. ಏನಾದರೊಂದು ದಾರಿ ಹುಡುಕುವುದೇ ಅವರ ಕೆಲಸ.

ಮಗಳಿಗೆ ಏನು ಹೇಳಬೇಕು? ನಿಜವನ್ನೇ, ಅವಳ ಅಳತೆಗೆ. ‘ನಿನ್ನ ರಕ್ತದಲ್ಲಿ ಕೆಲವು ಕಣಗಳು ಕೆಟ್ಟಿವೆ, ಹೊಲದ ಕಳೆ ಥರ. ಔಷಧಿ ಆ ಕಳೆ ಕೀಳುತ್ತದೆ. ಕೀಳುವಾಗ ಕೂದಲೂ ಉದುರುತ್ತದೆ, ಆಮೇಲೆ ಮತ್ತೆ ಬರುತ್ತದೆ.’ ಇಷ್ಟು ಸಾಕು. ಐದು ವರ್ಷದ ಮಕ್ಕಳು ಕಾಯಿಲೆಯನ್ನು ಶಿಕ್ಷೆ ಎಂದುಕೊಳ್ಳುತ್ತಾರೆ. ಒಂದು ಮಗು ನನ್ನ ಕೈಹಿಡಿದು, ‘ಇನ್ನು ಮೇಲೆ ಹಾಲು ಚೆಲ್ಲುವುದಿಲ್ಲ, ಸೂಜಿ ಬೇಡ’ ಎಂದಿತ್ತು. ನೀನು ಏನೂ ತಪ್ಪು ಮಾಡಿಲ್ಲ ಎಂದು ಅವಳು ಕೇಳದಿದ್ದರೂ ಹೇಳಿ, ಹತ್ತು ಸಲ ಹೇಳಿ. ನೋವಾಗುವ ಕಡೆ ನೋವಾಗುವುದಿಲ್ಲ ಎಂದು ಮಾತ್ರ ಹೇಳಬೇಡಿ. ಒಮ್ಮೆ ಹಾಗೆ ಹೇಳಿದರೆ ಮುಂದಿನ ಸಲ ನಿಮ್ಮ ಯಾವ ಮಾತನ್ನೂ ಅವಳು ನಂಬುವುದಿಲ್ಲ, ಎರಡು ವರ್ಷದ ದಾರಿ ಬಾಕಿ ಇದೆ.

ಕೊನೆಗೆ ಕರು. ಕೌಂಟ್ ಕಡಿಮೆ ಇರುವಷ್ಟು ದಿನ ಅವಳು ಕೊಟ್ಟಿಗೆಯೊಳಗೆ ಕಾಲಿಡಬಾರದು. ಸಗಣಿಗಿಂತಲೂ ನನಗೆ ಹೆಚ್ಚು ಭಯವಿರುವುದು ಹುಲ್ಲಿನ ಬಣವೆಯ ಬೂಷ್ಟಿನದು, ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ವಾಸಿ ಮಾಡುವುದು ಬಲು ಕಷ್ಟ. ಆದರೆ ಕರುವೇ ಅಂಗಳಕ್ಕೆ ಬರಬಹುದಲ್ಲ. ಅವಳು ಜಗಲಿಯ ಮೇಲೆ ಕೂರಲಿ, ಅಣ್ಣ ಕರುವನ್ನು ಹಗ್ಗ ಹಿಡಿದು ನಾಲ್ಕು ಮಾರು ದೂರದಲ್ಲಿ ನಿಲ್ಲಿಸಲಿ, ಅವಳು ಹೆಸರಿಟ್ಟು ಕರೆಯಲಿ. ಮುಂದೆ ಮಾತ್ರೆಗಳಷ್ಟೇ ಉಳಿಯುವ ಹಂತ ಬಂದು ಕೌಂಟ್ ಬೀಳದೆ ಸ್ಥಿರವಾಗಿ ನಿಂತ ಮೇಲೆ, ಮುಟ್ಟಬಹುದೇ ಎಂದು ಡಾಕ್ಟರನ್ನು ಅವಳೇ ಕೇಳಲಿ. ಅಷ್ಟು ಹೊತ್ತಿಗೆ ಅದು ಕರುವಾಗಿ ಉಳಿದಿರುವುದಿಲ್ಲ ಎಂದೂ ಈಗಲೇ ಹೇಳಿಡಿ.